ಫಾಂಗ್ ಕೋಟು ಬಿಚ್ಚಿದ್ದು

ಕುಂಕುಮದ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಇಡುತ್ತ ಬಂದ ರಾಜಲಕ್ಷ್ಮಮ್ಮ ಫಾಂಗ್ ಎದುರು ನಿಂತುಬಿಟ್ಟರು. ಅಮೆರಿಕದ ಗೈದರ್ಸ್‌ಬರ್ಗಿನ ಜೂನ್ ಬಿಸಿಲಿಗೆ ಆ ಮೂರನೆಯ ಮಹಡಿಯ ಮನೆ ಬಾಣಲೆಯ ಹಾಗೆ ಕಾದಿತ್ತು. ಈ ಚೀನಾದ ಹೆಣ್ಣುಮಗಳು ಮಾತ್ರ ಮೊಣಕಾಲು ಮುಟ್ಟುವ ಕೋಟು ತೊಟ್ಟು, ಏಳು ವರ್ಷದ ಮಗಳು ಲಾನ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆವರುತ್ತಿದ್ದಳು. ಸೀಮಂತ ರಾಜಲಕ್ಷ್ಮಮ್ಮನವರ ಮಗಳು ಮೈಥಿಲಿಯದು. ಫಾಂಗ್ ಅವಳ ಲ್ಯಾಬಿನ ಗೆಳತಿ.

ಊರಿನ ಎಷ್ಟೋ ಬಸುರಿಯರನ್ನು ಕಂಡ ಕಣ್ಣು ಅದು. ರಾಜಲಕ್ಷ್ಮಮ್ಮ ಅವಳ ಮುಖ ನೋಡಿದರು, ಕುತ್ತಿಗೆ ನೋಡಿದರು, ನಗುತ್ತ ಬೆರಳು ಮಡಿಸತೊಡಗಿದರು.

“ನಾಲ್ಕು... ಐದು... ಆರು ತುಂಬಿದೆ ಅಲ್ವೇನಮ್ಮ? ಮೈಥಿಲಿ, ಕೇಳೇ ಇವಳನ್ನ. ಬಾ ತಾಯಿ, ನಿನಗೂ ಹಸಿರು ಬಳೆ ತೊಡಿಸ್ತೀನಿ.”

ಫಾಂಗ್ ಮುಖ ಬಿಳಿಚಿಕೊಂಡಿತು. ಮಗಳನ್ನೂ ಬಿಟ್ಟು ಎದ್ದು ಅಡುಗೆಮನೆಗೆ ಓಡಿದಳು. ಹಿಂದೆಯೇ ಹೋದ ಮೈಥಿಲಿ ಅವಳ ಜೊತೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿ, ಬಾಗಿಲಲ್ಲಿ ಬಂದು ನಿಂತ ತಾಯಿಯ ಕಡೆ ತಿರುಗಿದಳು.

“ಏನಮ್ಮ ನೀನು! ಶಾಂಘೈನಲ್ಲಿ ಇವಳ ಬೀದೀಲೂ ಒಬ್ಬ ಅಜ್ಜಿ ಇದ್ದಳಂತೆ. ನಿನ್ನ ಥರಾನೇ ನಗ್ತಾ ಬೆರಳು ಮಡಿಸೋದು, ಆಮೇಲೆ ಹೋಗಿ ಸರ್ಕಾರಿ ಆಫೀಸಿಗೆ ಹೇಳೋದು. ಮನೆಗೆ ಒಂದೇ ಮಗು ಅಂತ ಅಲ್ಲಿ ರೂಲ್. ಲಾನ್ ಆದಮೇಲೆ ಇನ್ನೊಂದು ನಿಂತಿತ್ತು. ಐದು ತಿಂಗಳಿಗೆ ತೆಗೆಸಿಬಿಟ್ಟರಂತೆ.”

ರಾಜಲಕ್ಷ್ಮಮ್ಮನವರ ಬೆರಳುಗಳು ಇನ್ನೂ ಮಡಿಸಿಯೇ ಇದ್ದವು. ಅವರು ಅವನ್ನು ಯಾರದೋ ಕೈ ಎಂಬಂತೆ ನೋಡಿಕೊಂಡರು.

“ಅಯ್ಯೋ ಶಿವನೇ... ಈಗ ಇಲ್ಲಿ ಗ್ರೀನ್ ಕಾರ್ಡ್ ಆಗಿದೆ ಅಂದೆಯಲ್ಲೇ?”

“ಆಗಿದೆ. ಇಲ್ಲಿ ಯಾರೂ ಕೇಳಲ್ಲ ಅಂತ ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ ಅಂತಾಳೆ. ಲಾನ್‌ಗೂ ಹೇಳಿಲ್ಲ. ಸ್ಕೂಲಲ್ಲಿ ಬಾಯಿಬಿಟ್ಟರೆ ಅಂತ ಭಯ.”

ಒಮ್ಮೆ ಅಟ್ಟಿಸಿಕೊಂಡ ಜೀವ ಏಳು ಸಮುದ್ರ ದಾಟಿ ಅದೇ ತಾಯಿಯನ್ನು ಹುಡುಕಿಕೊಂಡು ಬಂತೇ? ರಾಜಲಕ್ಷ್ಮಮ್ಮ ಬಾಗಿಲು ದಾಟಿ ಒಳಗೆ ಬಂದರು. ಮಗಳ ಮಡಿಲಿಗೆಂದು ತಟ್ಟೆಯಲ್ಲಿಟ್ಟಿದ್ದ ಅಕ್ಕಿ, ಬೆಲ್ಲ, ತೆಂಗಿನಕಾಯಿಯನ್ನೇ ಎತ್ತಿ ಫಾಂಗ್ ಮುಂದೆ ಹಿಡಿದರು.

“ನಾವು ತಿಂಗಳು ಎಣಿಸೋದು ಮಡಿಲು ತುಂಬೋಕೆ ಅಂತ ಹೇಳೇ ಅವಳಿಗೆ.”

ಮೈಥಿಲಿ ಹೇಳಿದ್ದನ್ನು ಕೇಳಿ ಫಾಂಗ್ ಆ ತಟ್ಟೆಯನ್ನು ನೋಡಿದಳು. ಆಮೇಲೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಅಷ್ಟರಲ್ಲಿ ಅಮ್ಮನನ್ನು ಹುಡುಕಿಕೊಂಡು ಬಂದ ಲಾನ್, ಕೈಯಲ್ಲಿ ಅರ್ಧ ಚಕ್ಕುಲಿ ಹಿಡಿದು ಆ ಹೊಟ್ಟೆಯನ್ನು ಕಂಡು ನಿಂತಳು. ತಾಯಿ ತಮ್ಮ ಭಾಷೆಯಲ್ಲಿ ನಾಲ್ಕೇ ಮಾತು ಹೇಳಿ ಮಗಳ ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು. ಒಳಗಿನದು ಒದ್ದಿತು. ಮಗುವಿನ ಬಾಯಿ ತೆರೆದೇ ಉಳಿಯಿತು. ಗರ್ಭಗುಡಿಯ ಪರದೆ ಸರಿದಾಗಿನಂತೆ ರಾಜಲಕ್ಷ್ಮಮ್ಮನವರ ಕೈಗಳು ತಾವಾಗಿ ಮುಗಿದವು.

ಮರುಕ್ಷಣ ಲಾನ್ ಬಾಲ್ಕನಿಗೆ ಓಡಿದಳು. ಕಂಬಿ ಹಿಡಿದು, ಇಡೀ ಪಾರ್ಕಿಂಗ್ ಲಾಟಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದಳು: “ನಾನು ಅಕ್ಕ ಆಗ್ತಿದ್ದೀನಿ!”

ಬಾಯಿ ಮುಚ್ಚಿಸಲು ಫಾಂಗ್ ಧಾವಿಸಿದಳು. ಕೆಳಗೆ ಕಾರು ತೊಳೆಯುತ್ತಿದ್ದ ಯಾರೋ ಒಬ್ಬ ತಲೆಯೆತ್ತಿ, “ಕಂಗ್ರ್ಯಾಜುಲೇಷನ್ಸ್!” ಎಂದು ಕೂಗಿ, ಮತ್ತೆ ಚಕ್ರಕ್ಕೆ ನೀರು ಬಿಡತೊಡಗಿದ.