ಜಾಮೀನಿಗೆ ಬೇಕಾದ ಮನೆ

ಆಕ್ಲೆಂಡಿನ ಕೋರ್ಟಿನ ಪಡಸಾಲೆಯಲ್ಲಿ ನೀಲಮ್ಮ ಕೈಯಲ್ಲಿದ್ದ ಬಂಗಾರದ ಬಳೆ ಬಿಚ್ಚಿ ವಕೀಲೆಯ ಮುಂದೆ ಹಿಡಿದರು. "ಇವನ್ನ ಇಟ್ಕೊಂಡು ನಮ್ಮ ಬಸವಕಿರಣನ್ನ ಬಿಡಿಸ್ರಿ. ಜಾಮೀನು ಕೊಡಿಸೋ ಏಜೆಂಟ್ ಎಲ್ಲಿ ಕುಂದರ್ತಾನ, ತೋರಸ್ರಿ." ಈಸ್ಟ್ ತಮಾಕಿ ಬಡಾವಣೆಯ ಕಾರ್ಖಾನೆಯಲ್ಲಿ ಹೊಡೆದಾಡಿ ಪೊಲೀಸರ ಕೈಗೆ ಸಿಕ್ಕಿದ್ದ ಬಸವಕಿರಣ ಅವರ ನೆಂಟನಲ್ಲ, ಊರಿನವನು, ಅಷ್ಟೇ.

ಮಗಳು ಮಯೂರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ವಕೀಲೆಯ ಉತ್ತರ ಕೇಳಿ ತಾಯಿಯ ಕಡೆ ತಿರುಗಿದಳು. "ಅವ್ವಾ, ಇಲ್ಲಿ ಬಂಗಾರ ನಡಿಯೂದಿಲ್ಲ, ಏಜೆಂಟೂ ಇರೂದಿಲ್ಲ. ಕೇಸ್ ಮುಗಿಯೂತನಕ ಅಂವ ಇರಾಕ ಒಂದು ಮನಿ ತೋರಿಸ್ಬೇಕಂತ. ಅವನ ಫ್ಲಾಟ್‌ಮೇಟ್ಸ್ ಒಲ್ಲೆ ಅಂದಾರ. ಯಾರೂ ಇಟ್ಕೊಳ್ಳಲಿಲ್ಲಂದ್ರ ಜೈಲೇ ಗತಿ."

ನೀಲಮ್ಮ ಬಳೆಗಳನ್ನು ಮತ್ತೆ ಕೈಗೇರಿಸಿಕೊಂಡರು. ತಾವಿದ್ದ ಮನೆ ಮಗಳ ದುಡಿಮೆಯದು. ಅದರ ಬಾಗಿಲು ತೆರೆಯೆಂದು ಕೇಳುವುದು ಅವರಿಂದಾಗಲಿಲ್ಲ. ಮಯೂರಿ ತಾನಾಗಿಯೇ ವಕೀಲೆಗೆ ತನ್ನ ಮನೆಯ ವಿಳಾಸ ಹೇಳಿದಳು. ಅವನು ಷರತ್ತು ಮುರಿದರೆ ನೀವೇ ಪೊಲೀಸರಿಗೆ ತಿಳಿಸುತ್ತೀರಾ ಎಂದು ವಕೀಲೆ ಕೇಳಿದಾಗ, "ಯೆಸ್, ಐ ವಿಲ್" ಎಂದಳು.

ಸಂಜೆ ಏಳರ ನಂತರ ಅವನು ಮನೆಯಿಂದ ಹೊರಗೆ ಹೋಗಬಾರದೆಂಬ ಷರತ್ತು ಹಾಕಿ ನ್ಯಾಯಾಧೀಶರು ಒಪ್ಪಿದರು. ಮಧ್ಯಾಹ್ನ ಹೊರಗೆ ಬಂದ ಬಸವಕಿರಣ ಮಯೂರಿಗೆ, "ಥ್ಯಾಂಕ್ಸ್ ಅಕ್ಕಾ" ಎಂದ.

"ಥ್ಯಾಂಕ್ಸ್ ಗೀಂಕ್ಸ್ ಬ್ಯಾಡ. ಸಂಜಿ ಏಳರ ಮ್ಯಾಲೆ ಹೊಸ್ತಿಲ ದಾಟಿದಿ ಅಂದ್ರ ನಾನೇ ಪೊಲೀಸರಿಗೆ ಫೋನ್ ಹಚ್ಚಾಕಿ."

ಬಸವಕಿರಣ ಬೆದರಿ ನೀಲಮ್ಮನ ಮುಖ ನೋಡಿದ.

"ನನ್ನ ಮಾರಿ ಏನ್ ನೋಡ್ತಿ?" ನೀಲಮ್ಮ ಎದೆಯುಬ್ಬಿಸಿ ಹೇಳಿದರು, "ಯಜಮಾನ್ತಿ ಅಕಿ."