ಗ್ಲಾಸಿನಲ್ಲಿ ಗುಲಾಬಿ

ಅನಂತಮ್ಮ ಬಂಗಲೆಯ ಬಾಗಿಲಿಗೆ ಬರುವ ಹೊತ್ತಿಗೆ ಅಣ್ಣ ಜಿನ್ನಪ್ಪನವರ ಕೈಯಲ್ಲಿ ಗ್ಲಾಸಿತ್ತು.

ಅಂದರೆ ಜನ ಆಡಿಕೊಂಡದ್ದು ನಿಜ. ನಿವೃತ್ತ ಮೇಷ್ಟರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನರು, ಶನಿವಾರ ಬಂತೆಂದರೆ ಹಾಸನದ ಹೊರಗಿನ ಈ ಬಂಗಲೆಗೆ ಬಂದು ಕುಡಿಯುತ್ತಾರೆ. ಸುದ್ದಿ ಅರಕಲಗೂಡಿನ ಬೀಗರಾಗುವವರ ಕಿವಿಗೂ ಬಿದ್ದಿತ್ತು. ಸೋದರಮಾವ ಕುಡುಕನಾದರೆ ಹೆಣ್ಣು ಬೇಡವೆಂದು ಹೇಳಿ ಕಳಿಸಿದ್ದರು. ಮಗಳ ಅಳು ನೋಡಲಾರದೆ ಅನಂತಮ್ಮ ಚನ್ನರಾಯಪಟ್ಟಣದಿಂದ ಬಸ್ಸು ಹತ್ತಿದ್ದಳು.

ಬಂಗಲೆಯ ಒಡತಿ ಹಿಲ್ಡಾ. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ದ್ರಾಕ್ಷಿ ಬೆಳೆಯುವ ಹಳ್ಳಿಯವಳು. ಕಾಫಿ ಎಸ್ಟೇಟಿನ ಮ್ಯಾನೇಜರಾಗಿದ್ದ ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಳು. ಅವಳ ತಮ್ಮ ವರ್ಷಕ್ಕೊಮ್ಮೆ ಹಡಗಿನಲ್ಲಿ ಊರಿನ ಬಿಳಿ ವೈನು ಕಳಿಸುತ್ತಿದ್ದ.

"ನಾನು ಕುಡಿಯಕ್ಕೆ ಬಂದಿಲ್ಲ ಕಣೇ ಅನಂತಿ. ಕೂತ್ಕೊ, ನೋಡು," ಎಂದರು ಜಿನ್ನಪ್ಪ.

ಅವರು ಕುಡಿಯಲಿಲ್ಲ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದರು.

ಸಂಗತಿಯನ್ನು ಹಿಲ್ಡಾಳೇ ವಿವರಿಸಿದಳು. ಐವತ್ತೇಳನೇ ಇಸವಿಯ ಫ್ಲೂ ಜ್ವರದಲ್ಲಿ ಅವಳ ಮೂಗಿಗೆ ವಾಸನೆಯೇ ಹೊರಟುಹೋಯಿತು. ವೈನು ಬರೀ ಹುಳಿನೀರಾಯಿತು. ತನ್ನೂರಿನ ಪರಿಮಳವನ್ನು ಬಾಯಿಮಾತಿನಲ್ಲಾದರೂ ಹೇಳಿ ಎಂದು, ಕನ್ನಡ ಕಲಿಸಲು ಬರುತ್ತಿದ್ದ ಮೇಷ್ಟರನ್ನು ಕೇಳಿಕೊಂಡಿದ್ದಳು.

ಮಗಳ ಸಂಬಂಧಕ್ಕೆ ಇನ್ನು ಅಡ್ಡಿಯಿಲ್ಲವೆಂದು ಅನಂತಮ್ಮನ ಎದೆ ಹಗುರಾಯಿತು.

"ಗುಲಾಬಿ," ಎಂದರು ಜಿನ್ನಪ್ಪ. "ಈಗಷ್ಟೇ ಕಿತ್ತದ್ದು. ಹಿಂದೆಯೇ ಕಿತ್ತಳೆ ಸಿಪ್ಪೆ. ಒಂಚೂರು ಏಲಕ್ಕಿ."

ಹಿಲ್ಡಾ ಅವರ ಕೈಯಿಂದ ಗ್ಲಾಸು ತೆಗೆದುಕೊಂಡು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಆಮೇಲೆ ಗ್ಲಾಸನ್ನು ಅನಂತಮ್ಮನತ್ತ ಚಾಚಿದಳು.

ಅನಂತಮ್ಮ ಹಿಂಜರಿಯುತ್ತಲೇ ಮೂಸಿದಳು. ಗುಲಾಬಿಯಿಲ್ಲ, ಏಲಕ್ಕಿಯಿಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದ ಗೋಣಿಚೀಲದ ವಾಸನೆ. ವೈನು ಕೆಟ್ಟಿತ್ತು.

ತಲೆಯೆತ್ತಿದಳು. ಅಣ್ಣ ಅವಳ ಬಾಯನ್ನೇ ನೋಡುತ್ತಿದ್ದರು. ಆಗ ನೆನಪಾಯಿತು. ಅತ್ತಿಗೆ ರಾಜೀಮತಿಯನ್ನು ಕೊಂಡೊಯ್ದ ಅದೇ ಫ್ಲೂ ಜ್ವರದಲ್ಲಿ ಅಣ್ಣನ ಮೂಗೂ ಸತ್ತಿತ್ತು. ಒಲೆಯ ಮೇಲೆ ಅನ್ನ ಸೀದು ಕರಕಲಾದರೂ ಅವರಿಗೆ ತಿಳಿಯುತ್ತಿರಲಿಲ್ಲ. ಎರಡು ವರ್ಷದಿಂದ ಅವರು ಹೇಳುತ್ತ ಬಂದದ್ದೆಲ್ಲ ಕಟ್ಟುಕತೆ. ವಾರಕ್ಕೊಂದು ಸಲ ಮಾತಾಡಲು ಒಂದು ಜೀವ ಬೇಕಿತ್ತು, ಅಷ್ಟೆ.

"ಊಂ ಕಣಣ್ಣ, ಗುಲಾಬಿನೇ," ಎಂದಳು.

ಜಿನ್ನಪ್ಪ ಚಪ್ಪಲಿ ಮೆಟ್ಟಲು ಜಗಲಿಗೆ ಹೋದರು. ಮೋಸಕ್ಕೆ ತಾನೂ ಕೈಜೋಡಿಸಿದೆನಲ್ಲ ಎಂದು ಅನಂತಮ್ಮನಿಗೆ ತಡೆಯಲಾಗಲಿಲ್ಲ. ಹಿಲ್ಡಾಳ ಕೈ ಹಿಡಿದಳು.

"ನಮ್ಮಣ್ಣ ಕೆಟ್ಟೋರಲ್ಲ ಕಣಮ್ಮ. ಆದ್ರೆ ಈ ಗ್ಲಾಸಲ್ಲಿ..."

"ಗೋಣಿಚೀಲದ ವಾಸನೆ," ಎಂದಳು ಹಿಲ್ಡಾ, ದನಿ ತಗ್ಗಿಸಿ. "ಹೋದ ದೀಪಾವಳಿ ಹೊತ್ತಿಗೇ ನನ್ನ ಮೂಗು ಸರಿಹೋಯಿತು. ಮೇಷ್ಟರಿಗೆ ಹೇಳಬೇಡಿ, ಬರುವುದನ್ನು ನಿಲ್ಲಿಸಿಬಿಡುತ್ತಾರೆ."