ಮಂಚದ ಅಂಚು

ಟಿವಿ ಪರದೆಯ ಮೇಲೆ ಅವಳ ಗಂಡ ಮಲಗಿದ್ದ. ಸಮುದ್ರದ ತಳದಿಂದ ಅದಿರು ಎತ್ತುವ ಹಡಗಿನಲ್ಲಿ ಅವನು ಕ್ರೇನ್ ಚಾಲಕ. ಅಲ್ಲಿ ದುಡಿಯುವ ನಾನಾ ದೇಶದವರ ಬದುಕಿನ ಬಗ್ಗೆ ತೆಗೆದ ಸಾಕ್ಷ್ಯಚಿತ್ರವನ್ನು ಮನೆಮಂದಿಯೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪಾಳಿ ಮುಗಿಸಿ ಬಂದವನು ಕಿರಿದಾದ ಮಂಚದ ಅಂಚಿನಲ್ಲಿ, ಒಂದು ಕೈ ಹೊರಗೆ ಜೋತುಬಿಟ್ಟು ನಿದ್ದೆ ಹೋಗಿದ್ದ. ಗೋಡೆಯ ಕಡೆ ಅರ್ಧ ಹಾಸಿಗೆ ಖಾಲಿಯಿತ್ತು.

ಪಕ್ಕದ ಮಂಚದ ವೆಲ್ಡರ್ ತನ್ನ ಭಾಷೆಯಲ್ಲಿ ಏನೋ ಹೇಳಿ ನಕ್ಕ. ಪರದೆಯ ಕೆಳಗೆ ಮೂಡಿದ ಅನುವಾದದ ಸಾಲನ್ನು ನಾದಿನಿ ಓದಿದಳು: "ಎಷ್ಟು ಸಲ ಬಿದ್ದಿದ್ದಾನೆ, ಆದರೂ ಒಳಗೆ ಸರಿಯೋದಿಲ್ಲ ಈ ಮಹರಾಯ!"

"ನೆಟ್ಟಗೆ ಮಲಗೋಕೂ ಬರಲ್ಲ ನನ್ನ ಮಗನಿಗೆ," ಎಂದು ಅತ್ತೆ ಹೊಟ್ಟೆ ಹಿಡಿದು ನಕ್ಕರು.

ಅವಳಿಗೆ ನಗು ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಗೋಡೆಯ ಪಕ್ಕವೇ ಬೇಕೆಂದು ಹಟ ಹಿಡಿದವಳು ಅವಳು. ಕೈಕಾಲು ಚಾಚಿ ಮಲಗಿ ಅವನನ್ನು ಅಂಚಿಗೆ ತಳ್ಳುತ್ತಿದ್ದಳು. "ನನಗೂ ಒಂದು ಗೇಣು ಬಿಡೇ ಮಾರಾಯ್ತಿ," ಎಂದು ಅವನು ಗೊಣಗದ ದಿನವಿರಲಿಲ್ಲ.

ದೃಶ್ಯ ಬದಲಾಗುವ ಮೊದಲೇ ಅವಳು ನಾದಿನಿಯ ಕೈಯಿಂದ ರಿಮೋಟ್ ಕಿತ್ತುಕೊಂಡು ಚಿತ್ರವನ್ನು ಅಲ್ಲೇ ನಿಲ್ಲಿಸಿದಳು.

"ಯಾಕಮ್ಮಾ? ಅಲ್ಲೇನಿದೆ, ಖಾಲಿ ಹಾಸಿಗೆ," ಎಂದರು ಅತ್ತೆ.

"ಅದು ನನ್ನ ಜಾಗ ಅತ್ತೆ," ಎಂದಳು ಅವಳು.